ದಾರಿಯಲ್ಲಿ ಬರೆದು ತಾಮ್ರಕ್ಕಿಳಿಸಿದ ಚಿತ್ರಗಳು

ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡ್ಯಾನಿಯಲ್ 1786ರಲ್ಲಿ ಕಲ್ಕತ್ತಾಕ್ಕೆ ಬಂದಿಳಿದಾಗ ಜೊತೆಗಿದ್ದವನು ಸೋದರನ ಮಗ ವಿಲಿಯಂ, ಇನ್ನೂ ಹದಿಹರೆಯದ ಹುಡುಗ. ಇಬ್ಬರೂ ವರ್ಷಗಟ್ಟಲೆ ದೇಶ ಸುತ್ತಿದರು. ಗಂಗೆಯ ಗುಂಟ ಸಾಗಿ 1789ರಲ್ಲಿ ಗಢವಾಲದ ಶ್ರೀನಗರ ಮುಟ್ಟಿದರು. 1792ರಲ್ಲಿ, ಮೂರನೇ ಮೈಸೂರು ಯುದ್ಧ ಮುಗಿದ ಬೆನ್ನಿಗೇ, ಮದರಾಸಿನಿಂದ ದಕ್ಷಿಣಕ್ಕೆ ಹೊರಟರು. ಟಿಪ್ಪುವಿನ ಕೈತಪ್ಪಿದ ಬಾರಾಮಹಲ್ ಸೀಮೆಯ ಬೆಟ್ಟದ ಕೋಟೆಗಳು, ಮಧುರೆ, ತಂಜಾವೂರಿನ ದೊಡ್ಡ ಗುಡಿ, ಪಾಪನಾಶದ ಜಲಪಾತ ಎಲ್ಲವೂ ಅವರ ಕಾಗದಕ್ಕಿಳಿದವು.

ಕಟ್ಟಡಗಳ ಅಳತೆ ತಪ್ಪದಿರಲೆಂದು ಅವರು ಮಸೂರವಿದ್ದ ಕತ್ತಲೆಪೆಟ್ಟಿಗೆಯನ್ನು ಬಳಸುತ್ತಿದ್ದರು. ಎದುರಿನ ಗೋಪುರದ ಬಿಂಬ ಅದರೊಳಗಿನ ಕಾಗದದ ಮೇಲೆ ಬೀಳುತ್ತಿತ್ತು. ಅದರ ಗೆರೆಗಳನ್ನು ಪೆನ್ಸಿಲಿನಲ್ಲಿ ತಿದ್ದಿಕೊಂಡರೆ ಆಯಿತು. ಬಣ್ಣ, ನೆರಳು, ಮೋಡಗಳಿಗೆ ಮಾತ್ರ ಕಣ್ಣೇ ಆಧಾರ.

ಅಚ್ಚಿನ ಕೆಲಸ ಇನ್ನೂ ನಾಜೂಕಿನದು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಕಣಕಣಗಳ ನಡುವೆ ಆಮ್ಲ ತಗಡನ್ನು ತಿನ್ನುತ್ತದೆ. ಹೆಚ್ಚು ಹೊತ್ತು ಅದ್ದಿದಷ್ಟೂ ನೆರಳು ಗಾಢ. ತಿಳಿಯಾಗಿರಬೇಕಾದ ಆಕಾಶಕ್ಕೆ ಮೊದಲೇ ವಾರ್ನಿಷ್ ಬಳಿದು ಆಮ್ಲ ತಾಗದಂತೆ ಕಾಪಾಡಬೇಕು. ಹತ್ತಿರ ನಿಂತು ನೋಡಿ: ಮಬ್ಬಾದ ಭಾಗಗಳಲ್ಲಿ ಆ ಸಣ್ಣ ಕಣಗಳ ಗುರುತು ಇಂದಿಗೂ ಕಾಣುತ್ತದೆ. ಜಲವರ್ಣವನ್ನು ಆಮೇಲೆ ಕೈಯಿಂದ ತುಂಬುತ್ತಿದ್ದರು.

1795ರಿಂದ 1808ರವರೆಗೆ ಲಂಡನ್ನಿನಲ್ಲಿ ಹೀಗೆ 144 ಚಿತ್ರಗಳು ‘ಓರಿಯೆಂಟಲ್ ಸೀನರಿ’ ಎಂಬ ಹೆಸರಲ್ಲಿ ಹೊರಬಂದವು. ಕಲ್ಲಿನ ಕೆಲಸವನ್ನು ಇಷ್ಟು ಗೌರವದಿಂದ ಕಂಡವರು ಆ ಕಾಲದ ಪ್ರವಾಸಿಗಳಲ್ಲಿ ವಿರಳ. ಆದರೆ ಗುಡಿಯ ಮುಂದಿನ ಜನ ಅವರ ಚಿತ್ರಗಳಲ್ಲಿ ಬಹುಪಾಲು ಅಲಂಕಾರವಾಗಿಯೇ ಉಳಿದರು. ಇಂಗ್ಲೆಂಡಿನ ಸೆಜಿನ್‌ಕೋಟ್ ಎಂಬಲ್ಲಿ ಭಾರತೀಯ ಶೈಲಿಯ ಬಂಗಲೆ ಎದ್ದಾಗ, ಅದರ ತೋಟಕ್ಕೆ ಸಲಹೆ ಕೊಟ್ಟವರೂ ಥಾಮಸ್ ಡ್ಯಾನಿಯಲ್ ಅವರೇ.