ವಿಂಗ್ ಫಾಯಿಲಿಂಗ್: ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿಯುವ ಮುನ್ನ

ಕೈಯಲ್ಲಿ ಗಾಳಿ ತುಂಬಿದ ಬಟ್ಟೆಯ ರೆಕ್ಕೆ, ಕಾಲಡಿಯಲ್ಲಿ ಹಲಗೆ, ಹಲಗೆಯ ಕೆಳಗೆ ನೀರಿನೊಳಗೆ ಮುಳುಗಿರುವ ಇನ್ನೊಂದು ರೆಕ್ಕೆ. ಇವಿಷ್ಟರ ನೆರವಿನಿಂದ ನೀರಿನ ಮೇಲ್ಮೈಗಿಂತ ತುಸು ಎತ್ತರದಲ್ಲಿ ತೇಲಿಕೊಂಡು ಸಾಗುವ ಕ್ರೀಡೆಗೆ ವಿಂಗ್ ಫಾಯಿಲಿಂಗ್ ಎಂದು ಹೆಸರು. ಕಳೆದ ದಶಕದ ಕೊನೆಯ ವರ್ಷಗಳಲ್ಲಿ ಜನಪ್ರಿಯವಾದ ಈ ಆಟಕ್ಕೆ ಈಗ ಅಂತರರಾಷ್ಟ್ರೀಯ ಸ್ಪರ್ಧೆಗಳೂ ಇವೆ. ಶಹಾಪುರದ ಮಗ್ಗಗಳ ಸದ್ದಿನ ನಡುವೆ ಕುಳಿತು ಸಮುದ್ರದ ಆಟವನ್ನು ಕುರಿತು ಬರೆಯುವುದು ಕೆಲವು ಪಾಲಕರಿಗೆ ವಿಚಿತ್ರವೆನಿಸೀತು. ಆದರೆ ನಮ್ಮ ಮಕ್ಕಳು ಮೊಬೈಲಿನಲ್ಲಿ ಇದನ್ನು ಕಂಡು ಪ್ರಶ್ನೆ ಕೇಳತೊಡಗಿದ್ದಾರೆ. ಅವರು ಕಲಿಯುವ ಭಾಷೆಯಲ್ಲಿಯೇ ಅದಕ್ಕೆ ಉತ್ತರ ದೊರೆಯಬೇಕೆಂಬುದು ನಮ್ಮ ನಿಲುವು.

ಹಲಗೆ ಮೇಲೇಳುವ ಕಾರಣ ವಿಜ್ಞಾನದ ಪಾಠದಲ್ಲಿಯೇ ಇದೆ. ವಿಮಾನದ ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲಕ್ಕೇರುವಂತೆ ಫಾಯಿಲ್ ನೀರನ್ನು ಕೆಳಕ್ಕೆ ತಳ್ಳುತ್ತದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ಆದ್ದರಿಂದಲೇ ಚಿಕ್ಕದೊಂದು ರೆಕ್ಕೆ ಸಹ ಮನುಷ್ಯನ ಭಾರವನ್ನು ಎತ್ತಬಲ್ಲದು. ವೇಗ ಬಂದೊಡನೆ ಹಲಗೆ ನೀರನ್ನು ಬಿಟ್ಟು ಏಳುತ್ತದೆ, ಘರ್ಷಣೆ ಕುಸಿಯುತ್ತದೆ, ವೇಗ ಇನ್ನೂ ಏರುತ್ತದೆ. ಕೈಯಲ್ಲಿ ಹಿಡಿಯುವ ರೆಕ್ಕೆಯ ವಿಸ್ತೀರ್ಣ ಸಾಮಾನ್ಯವಾಗಿ 2ರಿಂದ 7 ಚದರ ಮೀಟರು. ಗಾಳಿ ಜೋರಾದಷ್ಟೂ ರೆಕ್ಕೆ ಚಿಕ್ಕದಿರಬೇಕು. ಗಾಳಿಯನ್ನು ನಾಟ್‌ಗಳಲ್ಲಿ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು.

ಒಲಿಂಪಿಕ್ಸ್‌ಗೆ ಈ ಆಟ ಇನ್ನೂ ಪ್ರವೇಶಿಸಿಲ್ಲ. ಆದರೆ ಇದರ ದಾಯಾದಿಗಳೆನ್ನಬಹುದಾದ ಐಕ್ಯೂಫಾಯಿಲ್ ಮತ್ತು ಫಾರ್ಮುಲಾ ಕೈಟ್ 2024ರ ಪ್ಯಾರಿಸ್ ಕೂಟದಲ್ಲಿ ಮೊದಲ ಬಾರಿಗೆ ನಡೆದವು. ನಮ್ಮ ಜಿಲ್ಲೆಯ ರಾಧಾನಗರಿ ತಾಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದುದು ಅದೇ ಕೂಟದಲ್ಲಿ.

ಕನ್ನಡನಾಡಿನಲ್ಲಿ ಇದಕ್ಕೆ ಅತಿ ಸಮೀಪದ ಉದಾಹರಣೆ ಮುಲ್ಕಿಯದು. ಅಲ್ಲಿ ಶಾಂಭವಿ ನದಿ ಸಮುದ್ರ ಸೇರುವ ಕಡೆ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಅಲ್ಲಿ ಕಲಿತ ತನ್ವಿ ಜಗದೀಶ್ 2016ರಲ್ಲಿ ಫಿಜಿ ದ್ವೀಪದಲ್ಲಿ ನಡೆದ ವಿಶ್ವ ಸ್ಟ್ಯಾಂಡ್-ಅಪ್ ಪ್ಯಾಡಲ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅದು ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಆಟ. ಫಾಯಿಲ್ ಇಲ್ಲ, ರೆಕ್ಕೆಯೂ ಇಲ್ಲ. ಆದರೂ ಹಲಗೆಯ ಮೇಲಿನ ಸಮತೋಲ ಒಂದೇ, ಸಮುದ್ರವನ್ನು ಓದುವ ವಿದ್ಯೆಯೂ ಒಂದೇ. 2016ರ ಮೇ ತಿಂಗಳಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. 2024ರ ಮಾರ್ಚಿನಲ್ಲಿ ಅದೇ ತೀರಕ್ಕೆ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೂ ಬಂತು. ಕನ್ನಡದಲ್ಲಿ ಮಾತನಾಡಿ ಸಮುದ್ರದ ಆಟ ಕಲಿಯಬಹುದಾದ ಊರುಗಳಿವೆ ಎಂಬುದನ್ನು ನಮ್ಮ ಪಾಲಕರು ತಿಳಿದಿರಲಿ.

ಮೊದಲ ಮೆಟ್ಟಿಲು ಈಜು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಕಲಿತ ಈಜು ಒಳ್ಳೆಯ ಆರಂಭ, ಆದರೆ ಅಲೆಯ ನೀರಿಗೆ ಅದು ಸಾಲದು. ಅಂತರಗಂಗೆ ಹಬ್ಬಿದ, ಕೊಳೆತ ಪಂಚಗಂಗೆಯಲ್ಲಂತೂ ಅಭ್ಯಾಸ ಬೇಡವೇ ಬೇಡ. ಹೆಲ್ಮೆಟ್, ತೇಲುವ ಜಾಕೆಟ್, ಹಲಗೆಯನ್ನೂ ರೆಕ್ಕೆಯನ್ನೂ ಮೈಗೆ ಕಟ್ಟುವ ಹಗ್ಗ, ಇವಿಲ್ಲದೆ ಯಾರೂ ನೀರಿಗಿಳಿಯಬಾರದು. ಫಾಯಿಲ್‌ನ ಅಂಚು ಕುಡುಗೋಲಿನಂತೆ ಕೊಯ್ಯಬಲ್ಲದು. ಮುಂಗಾರಿನ ಅರಬ್ಬಿ ಸಮುದ್ರ ಕಲಿಯುವವರಿಗೆ ತಕ್ಕುದಲ್ಲ. ಬೇಸಿಗೆಯ ಮಧ್ಯಾಹ್ನದ ಕಡಲಗಾಳಿ ಹದವಾದುದು.

ಇನ್ನು ಸ್ಪರ್ಧೆ. ಕಸರತ್ತಿಗೆ ತೀರ್ಪುಗಾರರು ಅಂಕ ಕೊಡುವ ಬಗೆ ಒಂದು, ಓಟದ ಬಗೆ ಇನ್ನೊಂದು. ಓಟದಲ್ಲಿ ಮೊದಲ ಸ್ಥಾನಕ್ಕೆ 1 ಅಂಕ, ಎರಡನೆಯದಕ್ಕೆ 2. ಹಲವು ಓಟಗಳ ಮೊತ್ತ ಯಾರದು ಕಡಿಮೆಯೋ ಅವರೇ ವಿಜೇತರು. ನಿಗದಿತ ಸಂಖ್ಯೆಯ ಓಟಗಳಾದ ಮೇಲೆ ಪ್ರತಿಯೊಬ್ಬರ ಅತಿ ಕೆಟ್ಟ ಫಲಿತಾಂಶವನ್ನು ಕೈಬಿಡಲಾಗುತ್ತದೆ. ಹೊಸಬರು ಬಹುಪಾಲು ಸೋಲುವುದು ಆರಂಭದ ಗೆರೆಯಲ್ಲಿ. ಗೆರೆಯೆಂದರೆ ದೋಣಿಗೂ ತೇಲುಬುರುಡೆಗೂ ನಡುವಿನ ಕಾಲ್ಪನಿಕ ರೇಖೆ. ಧ್ವಜ ಮತ್ತು ಸದ್ದಿನ ಸಂಕೇತಗಳನ್ನು ನೋಡುತ್ತ ನಿಮಿಷ ಎಣಿಸಿ, ಸರಿಯಾದ ಕ್ಷಣಕ್ಕೆ ವೇಗದೊಡನೆ ಗೆರೆ ದಾಟಬೇಕು. ಮುಂಚೆ ದಾಟಿದರೆ ದಂಡ, ತಡವಾದರೆ ಮುಂದಿನವರು ಕಲಕಿದ ಗಾಳಿಯಲ್ಲಿ ಸಿಕ್ಕಿಬೀಳುವುದು. ಇಬ್ಬರು ಎದುರುಬದುರಾದಾಗ ಬಲಗಡೆಯಿಂದ ಗಾಳಿ ಪಡೆಯುತ್ತಿರುವವರಿಗೆ ದಾರಿಯ ಹಕ್ಕು. ಹಿಂದಿನಿಂದ ದಾಟುವವರು ಮುಂದಿನವರಿಗೆ ತೊಡಕಾಗದಂತೆ ಸರಿಯಬೇಕು.

ಅನ್ಯಾಯವಾಯಿತೆನಿಸಿದರೆ ಆ ಕ್ಷಣವೇ ‘ಪ್ರೊಟೆಸ್ಟ್’ ಎಂದು ಕೂಗಿ, ದಡಕ್ಕೆ ಬಂದು ಗಡುವಿನೊಳಗೆ ಲಿಖಿತ ದೂರು ಕೊಡಬೇಕು. ಅಂತರರಾಷ್ಟ್ರೀಯ ಕೂಟಗಳಲ್ಲಿ ಅದರ ವಿಚಾರಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಗು ಇಲ್ಲಿಯೇ ಹಿಂಜರಿಯುವುದೆಂದು ಹಲವರು ನಮಗೆ ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ನಿಯಮವನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗುವಿಗೆ ವಿಚಾರಣೆಗೆ ಬೇಕಾದ ಇಂಗ್ಲಿಷ್ ಪದಗಳು ಒಂದು ಬೇಸಿಗೆ ರಜೆಯ ಕೆಲಸ. ಅರ್ಥವಾಗದ ನಿಯಮವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವರೇ ವಿಚಾರಣೆಯಲ್ಲಿ ತಡವರಿಸುವರು.

ಮೊದಲ ಸ್ಪರ್ಧೆಯ ಫಲಿತಾಂಶವನ್ನು ಹೇಗೆ ನೋಡಬೇಕೆಂಬುದಕ್ಕೆ ಕೊಲ್ಹಾಪುರದ ತಾಲೀಮುಗಳಿಗೆ ಖಾಶಾಬಾ ಜಾಧವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಣ್ಣಿನ ಅಖಾಡದ ಈ ಪೈಲ್ವಾನರು 1948ರಲ್ಲಿ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಮ್ಯಾಟ್ ಮೇಲಿನ ಕುಸ್ತಿ ಅವರಿಗೆ ಹೊಸದು. ಆರನೆಯ ಸ್ಥಾನ ಬಂತು. 1952ರಲ್ಲಿ ಹೆಲ್ಸಿಂಕಿಗೆ ಕಳಿಸಲು ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಅಲ್ಲಿ ದೊರೆತ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಲಂಡನ್ನಿನ ಆರನೆಯ ಸ್ಥಾನವನ್ನು ಸೋಲೆಂದು ಬಗೆದು ಮನೆಯವರು ತಡೆದಿದ್ದರೆ?

ಹಣದ ಮಾತು ಬಂದದ್ದರಿಂದ ಹೇಳುತ್ತೇವೆ: ಮೊದಲ ವರ್ಷವೇ ಉಪಕರಣ ಕೊಳ್ಳಬಾರದು, ತರಬೇತಿ ಕೇಂದ್ರಗಳಲ್ಲಿ ಬಾಡಿಗೆಗೆ ಪಡೆದೇ ಕಲಿಯಬೇಕು. ನೋಂದಣಿಗೆ ಮುನ್ನ ವಿಮೆ, ಅಪ್ರಾಪ್ತರಿಗೆ ಪಾಲಕರ ಸಹಿಯ ಒಪ್ಪಿಗೆಪತ್ರ ಮತ್ತು ರಾಷ್ಟ್ರೀಯ ಸಂಸ್ಥೆಯ ಅನುಮತಿ ಬೇಕೇ ಎಂದು ಸ್ಪರ್ಧೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಹಾಯಿ ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಯಾಚಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ನೆಗಡಿಯ ಕೆಲವು ಗುಳಿಗೆಗಳಲ್ಲಿ ಸ್ಪರ್ಧೆಯ ವೇಳೆ ನಿಷಿದ್ಧವಾದ ಔಷಧಿ ಇರುತ್ತದೆ. ವೈದ್ಯರನ್ನು ಕೇಳದೆ ನುಂಗಬಾರದು.

ಕೊನೆಯದಾಗಿ ಪಾಸ್‌ಪೋರ್ಟು. ಗಡಿಭಾಗದ ನಮ್ಮ ಮಕ್ಕಳ ಹೆಸರು ಕನ್ನಡ ಶಾಲೆಯ ಹಾಜರಿಯಲ್ಲಿ ಒಂದು ಬಗೆ, ಮರಾಠಿ ಜನ್ಮದಾಖಲೆಯಲ್ಲಿ ಇನ್ನೊಂದು ಬಗೆ, ಆಧಾರ್ ಚೀಟಿಯ ಇಂಗ್ಲಿಷಿನಲ್ಲಿ ಮತ್ತೊಂದು ಬಗೆ ಇರುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಒಂದು ಅಕ್ಷರದ ವ್ಯತ್ಯಾಸಕ್ಕೂ ಅರ್ಜಿ ಮರಳಿ ಬರಬಹುದು. ಶಾಲೆ ಬಿಟ್ಟ ಮೇಲೆ ದಾಖಲೆಯ ತಿದ್ದುಪಡಿ ಬಹಳ ಕಷ್ಟ. ಮೂರೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಮಗು ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿ ತುಂಬುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಿರಿ. ಅದರ ಸ್ವೀಕೃತಿ ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿರಿಸಿರಿ.