ಹೆಲ್ಮಾಂಟ್ ಲೆಕ್ಕಕ್ಕೆ ಸಿಗದ ಗಾಳಿ

ಮರ ಬೆಳೆಯೋದು ಏನನ್ನು ತಿಂದು? ಮಣ್ಣನ್ನು ಅಂತ ನಾನೂ ಚಿಕ್ಕವನಿದ್ದಾಗ ನಂಬಿದ್ದೆ. ಈಗಿನ ಬೆಲ್ಜಿಯಂನಲ್ಲಿದ್ದ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಇದನ್ನು ತೂಕ ಹಾಕಿಯೇ ನೋಡಿದ. ಒಣಗಿಸಿದ 200 ಪೌಂಡ್ ಮಣ್ಣು, 5 ಪೌಂಡಿನ ವಿಲ್ಲೋ ಸಸಿ. ಧೂಳು ಬೀಳದ ಹಾಗೆ ಕುಂಡಕ್ಕೆ ತೂತಿನ ಮುಚ್ಚಳ. 5 ವರ್ಷ ಹಾಕಿದ್ದು ನೀರು ಮಾತ್ರ. ಕೊನೆಗೆ ಗಿಡ 169 ಪೌಂಡ್ ದಾಟಿತ್ತು. ಮಣ್ಣು ಕಮ್ಮಿಯಾಗಿದ್ದು ಸುಮಾರು 2 ಔನ್ಸ್ ಅಷ್ಟೇ! ಹಾಗಾದ್ರೆ ಮರವೆಲ್ಲಾ ನೀರಿನಿಂದಲೇ ಆದದ್ದು ಅಂದುಬಿಟ್ಟ. ಆತ ಸತ್ತ ಮೇಲೆ, 1648ರಲ್ಲಿ ಇದು ಪುಸ್ತಕವಾಗಿ ಬಂತು.

ಮಣ್ಣಲ್ಲ ಅನ್ನೋದೇನೋ ಸರಿ. ಆದರೆ 'ನಾನು ಹಾಕಿದ್ದು ನೀರೊಂದೇ' ಅನ್ನೋದು ಬೇರೆ, 'ಗಿಡಕ್ಕೆ ಸಿಕ್ಕಿದ್ದು ನೀರೊಂದೇ' ಅನ್ನೋದು ಬೇರೆ. ಗಾಳಿ, ಬೆಳಕು ಎರಡೂ ಅಲ್ಲೇ ಇದ್ದವಲ್ಲ!

ತಮಾಷೆ ಅಂದ್ರೆ, 'ಗ್ಯಾಸ್' ಅನ್ನೋ ಪದ ಹುಟ್ಟಿಸಿದ್ದೇ ಈತ. ಇದ್ದಿಲು ಉರಿದಾಗ ಬರೋ ಗ್ಯಾಸನ್ನೂ ಗುರುತಿಸಿದ್ದ. ಅದೇ ನಮ್ಮ ಕಾರ್ಬನ್ ಡೈ ಆಕ್ಸೈಡ್. ಒಣ ಕಟ್ಟಿಗೆಯ ಬಹುಪಾಲು ತೂಕ ಬರೋದೇ ಅದರಿಂದ! ಬೆಳಕಿನ ಪಾತ್ರ ತಿಳಿಯೋಕೆ 1779ರಲ್ಲಿ ಇಂಗೆನ್‌ಹೌಸ್, ತೂಕದ ಲೆಕ್ಕ ಸರಿಮಾಡೋಕೆ 1804ರಲ್ಲಿ ಸೊಸ್ಸೂರ್ ಬರಬೇಕಾಯ್ತು.

'ನಾನು ಬದಲಾಯಿಸಿದ್ದು ಇದೊಂದೇ ಸಾಲು, ಬಗ್ ಇಲ್ಲೇ ಇದೆ' ಅಂತ ನಾನೂ ಎಷ್ಟೋ ಸಲ ಹಟ ಹಿಡಿದಿದ್ದೀನಿ. ಈಗ ಹಾಗನ್ನೋ ಮುಂಚೆ ಆ ವಿಲ್ಲೋ ಗಿಡ ನೆನಪಾಗುತ್ತೆ...