ಠಗ್ಗನ ಕಥೆ ಬರೆದವನೂ, ನಮ್ಮ ಸುರಪುರದ ರಾಜನೂ

ಕ್ಲಾಸಿಕ್ ಕಾದಂಬರಿ ಅಂದ್ರೆ ಲಂಡನ್ನಿನ ಮಂಜು, ರಷ್ಯಾದ ಹಿಮ ಅಂತಲೇ ನಾನು ತಿಳಿದಿದ್ದೆ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಯಾರೋ ಬಿಟ್ಟುಹೋಗಿದ್ದ 'ಕನ್ಫೆಷನ್ಸ್ ಆಫ್ ಎ ಥಗ್' ಕೈಗೆ ಸಿಕ್ಕಿತು. 1839ರ ಕಾದಂಬರಿ. ಅಮೀರ್ ಅಲಿ ಎಂಬ ಠಗ್ಗ ತಾನು ಮಾಡಿದ ಕೊಲೆಗಳನ್ನೆಲ್ಲ ಒಬ್ಬ ಸಾಹೇಬನೆದುರು ಸಾವಕಾಶವಾಗಿ ಹೇಳುತ್ತಾ ಹೋಗುತ್ತಾನೆ. ಅಚ್ಚಾಗುತ್ತಿರುವಾಗಲೇ ವಿಕ್ಟೋರಿಯಾ ರಾಣಿ ಹಾಳೆಗಳನ್ನು ತರಿಸಿಕೊಂಡು ಓದಿದಳಂತೆ! ನಾನೂ ಎರಡೇ ರಾತ್ರಿಯಲ್ಲಿ ಮುಗಿಸಿದೆ. ಬರೆದವನು ಯಾರು ಅಂತ ತಲೆ ಕೆಡಿಸಿಕೊಳ್ಳಲಿಲ್ಲ.

ಮೊನ್ನೆ ರಜೆಗೆ ಹತ್ತಿಕುಣಿಗೆ ಹೋದಾಗ ಕಾಕಾನ ಮಗನ ಬೈಕಿನಲ್ಲಿ ಸುರಪುರಕ್ಕೆ ಹೋಗಿದ್ದೆ. ಗುಡ್ಡದ ಮೇಲೊಂದು ಹಳೇ ಬಂಗಲೆ. "ಟೇಲರ್ ಮಂಜಿಲ್ ನೋಡಣ್ಣ" ಅಂದ. ಯಾವ ಟೇಲರ್? ಅದೇ ಫಿಲಿಪ್ ಮೆಡೋಸ್ ಟೇಲರ್! ಠಗ್ಗನ ಕಥೆ ಬರೆದವನು ನಮ್ಮೂರಿನ ಪಕ್ಕದಲ್ಲೇ ಇದ್ದನಲ್ಲ ಅಂತ ಒಂದು ಕ್ಷಣ ಹೆಮ್ಮೆಯೂ ಆಯಿತು ಅನ್ನಿ.

ವಾಪಸ್ ಬೆಂಗಳೂರಿಗೆ ಬಂದು, 1877ರಲ್ಲಿ ಅಚ್ಚಾದ ಅವನ ಆತ್ಮಕಥೆ ಓದಿದೆ. 1841ರಲ್ಲಿ ಸುರಪುರಕ್ಕೆ ಬಂದ ಟೇಲರ್, 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕ ಅವನ ಕಣ್ಣೆದುರೇ ಬೆಳೆದ. ಅವನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. 1858ರಲ್ಲಿ ಅದೇ ರಾಜ ಕಂಪನಿ ಸೈನ್ಯದ ಮೇಲೆ ತಿರುಗಿಬಿದ್ದ. ಸೆರೆಯಾದ. ಸಿಕಂದರಾಬಾದಿನ ಜೈಲಿಗೆ ಟೇಲರ್ ನೋಡಲು ಹೋದಾಗ ಅವನು ಕೇಳಿಕೊಂಡದ್ದು ಜೀವವನ್ನಲ್ಲ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಬೇಕಾದರೆ ಫಿರಂಗಿಯ ಬಾಯಿಗೆ ಕಟ್ಟಿ ಅಂತ. ಮರಣದಂಡನೆ ಇಳಿಯುತ್ತಾ ಬಂದು ನಾಲ್ಕು ವರ್ಷದ ಸೆರೆಯಾಯಿತು. ಆದರೆ ಚೆಂಗಲ್ಪಟ್ಟಿನ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡನೋ, ಆಕಸ್ಮಿಕವೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಈ ಪುಟಗಳನ್ನು ಓದುವಾಗ ಕಣ್ಣು ತುಂಬಿಬಂತು, ಸುಳ್ಳು ಹೇಳಲ್ಲ. ಮರುದಿನ ಆಫೀಸಿನ ಬಸ್ಸಿನಲ್ಲಿ ಕೂತಾಗ ಮಾತ್ರ ಇನ್ನೊಂದು ಯೋಚನೆ ಬಂತು. ಅಮೀರ್ ಅಲಿಯ ಕಥೆಯಲ್ಲೂ ಹೀಗೇ ಅಲ್ಲವೇ? ಒಬ್ಬ ಕೈದಿ, ಎದುರಿಗೊಬ್ಬ ಸಾಹೇಬ, ಕೈದಿಯ ಮಾತೆಲ್ಲ ಸಾಹೇಬನ ಇಂಗ್ಲಿಷಿನಲ್ಲಿ. ಒಂದು ಕಾದಂಬರಿ, ಇನ್ನೊಂದು ನಡೆದದ್ದು. ಆದರೆ ಎರಡನ್ನೂ ಬರೆದ ಕೈ ಒಂದೇ! ನನ್ನನ್ನು ಅಳಿಸಿದ್ದು ರಾಜನೋ, ಒಳ್ಳೆಯ ಕಾದಂಬರಿಕಾರನೋ?

ಟೇಲರ್ ಸುಳ್ಳುಗಾರ ಅಂತ ಹೇಳುತ್ತಿಲ್ಲ. ಅವನ ಪ್ರೀತಿ ನಿಜವೇ ಇರಬೇಕು. ಆದರೆ ಆ ರಾಜ 'ಅಪ್ಪಾ' ಅಂತ ಕರೆದದ್ದು ತನ್ನ ರಾಜ್ಯದ ಮೇಲೆ ಕಣ್ಣಿಟ್ಟ ಸರಕಾರದ ಅಧಿಕಾರಿಯನ್ನು. ಆ ಕರೆಯಲ್ಲಿ ಎಷ್ಟು ಪ್ರೀತಿ, ಎಷ್ಟು ಅಸಹಾಯಕತೆ ಇತ್ತೋ ಟೇಲರ್‌ಗಾದರೂ ಪೂರ್ತಿ ಗೊತ್ತಿತ್ತೇ?

ಮುಂದಿನ ಸಲ ಊರಿಗೆ ಹೋದಾಗ ಮಂಜಿಲ್‌ಗೆ ಹೋಗುವ ಮೊದಲು, ಅಲ್ಲಿನ ಹಿರಿಯರ ಹತ್ತಿರ ಕೂತು ರಾಜನ ಕಥೆ ಕೇಳಬೇಕು ಅಂತಿದ್ದೇನೆ, ಕನ್ನಡದಲ್ಲಿ. ನಿಮ್ಮೂರಿನ ಕಥೆಯನ್ನೂ ಹೀಗೆ ಯಾರೋ ಸಾಹೇಬ ಬರೆದಿಟ್ಟಿದ್ದಾನಾ? ಇದ್ದರೆ ನೀವೂ ಒಮ್ಮೆ ಕೇಳಿ ನೋಡಿ.